ಅಜ್ಜಿ ಕುಡಿದ ನನ್ನ ಲೋಟ

ಕಾಂದಿವಲಿಯ ಗಾರ್ಡನ್ ಗೇಟಿನ ಹತ್ತಿರ ಬೆಳಿಗ್ಗೆ ಹಾಗಲಕಾಯಿ ಜ್ಯೂಸ್ ಮಾರುತ್ತಾರೆ. ಅದರ ವಾಸನೆಗೆ ಬೈಕುಲ್ಲಾದ ಚಾಳಿನಲ್ಲಿದ್ದ ನಮ್ಮ ಹಳೇ ಮನೆ ನೆನಪಾಗುತ್ತದೆ.

ಶಿಲುಬೆಯ ಮೇಲೆ ಯೇಸುಸ್ವಾಮಿಗೆ ಹುಳಿರಸ ಕೊಟ್ಟರು ಅಂತ, ಗುಡ್ ಫ್ರೈಡೆ ದಿನ ಚರ್ಚಿನಿಂದ ಬಂದಮೇಲೆ ಅಜ್ಜಿ ಎಲ್ಲರಿಗೂ ಹಾಗಲಕಾಯಿ ರಸ ಕುಡಿಸುತ್ತಿದ್ದಳು. ಒಂದು ವರ್ಷ ನನ್ನ ಪಾಲನ್ನು ಮೋರಿಗೆ ಸುರಿದು, ಕುಡಿದೆ ಅಂದೆ. ಮೋರಿಯ ಕಲ್ಲೆಲ್ಲ ಹಸಿರಾಗಿತ್ತು.

ಅಜ್ಜಿ ಬೈಯಲಿಲ್ಲ. ಇನ್ನೊಂದು ಲೋಟ ರಸ ಹಿಂಡಿದಳು. ನಾನು ಕಣ್ಣು ಮುಚ್ಚಿ ಬಾಯಿ ತೆರೆದು ನಿಂತೆ. ಅವಳೇ ಕುಡಿದಳು.

"ಸುಳ್ಳು ಸಣ್ಣದಿದ್ರೂ ಪಾಪ ಸಣ್ಣದಲ್ಲವ್ವಾ. ಯಾರರ ಕುಡೀಬೇಕಲ್ಲ," ಅಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಈಗ ನನಗೆ ಶುಗರ್. ದಿನಾ ಗೇಟಿನ ಹತ್ತಿರ ನಿಂತು ಒಂದು ಲೋಟ ಕುಡಿಯುತ್ತೇನೆ. ಆವತ್ತಿನ ಲೋಟವನ್ನು ಮಾತ್ರ ನಾನು ಕುಡಿಯಲಾರೆ. ಅದನ್ನು ಅಜ್ಜಿ ಕುಡಿದಾಗಿದೆ.