ಕೆರೆ ಉಳಿಸಿದ ಭಾಷಣ

ಚೈತ್ರಾ, ಗೌತಮ, ನಿನ್ನೆ ಸಂಜೆ ನೀವಿಬ್ಬರೂ ಶಾಲೆಯ ಚಾರ್ಟಿಗೆಂದು ಮೈದಾಹಿಟ್ಟಿನ ಅಂಟು ಕಾಯಿಸುತ್ತಿದ್ದಿರಲ್ಲ, ಆಗ ನಾನು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಆ ವಾಸನೆ ಬಂದದ್ದೇ ಕೈ ನಿಂತುಹೋಯಿತು. "ಅಜ್ಜಿ, ಕಣ್ಣಲ್ಲಿ ನೀರು ಯಾಕೆ?" ಎಂದು ಚೈತ್ರಾ ಕೇಳಿದಳು. "ಹೊಗೆ ಕಣೆ" ಅಂದೆ. ಗ್ಯಾಸಿನ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು? ನೀವು ನನಗಿಂತ ಬುದ್ಧಿವಂತರು, ಮುಖ ಮುಖ ನೋಡಿಕೊಂಡು ಮತ್ತೆ ಅಂಟು ತಿರುವತೊಡಗಿದಿರಿ. ನನಗೆ ಎದುರು ನಿಂತು ಹೇಳಲು ಬರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು, ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಮರೆತುಹೋಗುತ್ತಿತ್ತು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅದೊಂದು ಧೈರ್ಯ.

ನಿಮ್ಮ ತಾತ ಅರಸೀಕೆರೆಯಲ್ಲಿ ವಿಶ್ವವಿದ್ಯಾಲಯದವರು ತೆರೆದಿದ್ದ ಸಾರ್ವಜನಿಕ ಸೇವಾ ಕೇಂದ್ರದಲ್ಲಿ ಅಟೆಂಡರ್ ಆಗಿದ್ದರು. ನಿಮ್ಮ ಅಪ್ಪ ಆಗ ಹೈಸ್ಕೂಲು. ರೈಲ್ವೆ ಸ್ಟೇಷನ್ ಕಡೆಯ ಒಂದು ಹಳೇ ಕಟ್ಟಡದ ಮಹಡಿಯ ಮೇಲೆ ಒಂದು ಆಫೀಸು, ಒಂದು ಉದ್ದನೆಯ ಹಾಲು, ಕೀಲು ಸಡಿಲಾದ ಕುರ್ಚಿಗಳು, ಇಷ್ಟೇ ಕೇಂದ್ರ. ಅಲ್ಲಿ ತಿಂಗಳಿಗೊಮ್ಮೆ ಊರವರಿಗಾಗಿ ಉಪನ್ಯಾಸ. ಅದರ ಪೋಸ್ಟರ್ ಅಂಟಿಸುವ ಕೆಲಸ ತಾತನದು. ದನ ಬಂದು ನೆಕ್ಕಬಾರದೆಂದು ಅಂಟಿಗೆ ಚೂರು ಮೈಲುತುತ್ತ ಹಾಕಿ ನಮ್ಮ ಅಡುಗೆಮನೆಯಲ್ಲೇ ಕಾಯಿಸುತ್ತಿದ್ದರು. ಆ ಪಾತ್ರೆ ಬೇರೆ ಯಾವುದಕ್ಕೂ ಬರದ ಹಾಗಾಗಿ ನಾನು ಒಂದು ವಾರ ಮಾತು ಬಿಟ್ಟಿದ್ದೆ. ಮಾತು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ, ಅಷ್ಟು ಕಡಿಮೆ ನನ್ನ ಮಾತು.

ಒಂದು ವರ್ಷ ಪೋಸ್ಟರಿನಲ್ಲಿ 'ಪರಿಸರ ರಾಜಕೀಯ' ಎಂದು ಬಂತು. ರಾಜಕೀಯ ಅಂದಮೇಲೆ ಯಾರೋ ಮಂತ್ರಿ ಬರುತ್ತಾರೆಂದುಕೊಂಡು ನಾನು ಮದುವೆಗೆ ಉಡುವ ಸೀರೆ ಉಟ್ಟು ಹೋದೆ. ಹೋದದ್ದಾದರೂ ಯಾಕೆ? ಜನ ಬರುತ್ತಿರಲಿಲ್ಲ. ಖಾಲಿ ಕುರ್ಚಿ ಕಂಡರೆ ತಾತನಿಗೆ ಮದುವೆಮನೆಯಲ್ಲಿ ಅನ್ನ ಉಳಿದಷ್ಟು ಸಂಕಟ. "ಬಾರೆ, ಬಂದು ಸುಮ್ನೆ ಕೂತ್ಕೊ. ನಿದ್ದೆ ಬಂದ್ರೂ ಪರವಾಗಿಲ್ಲ, ತಲೆ ಎತ್ಕೊಂಡು ನಿದ್ದೆ ಮಾಡು" ಎನ್ನುತ್ತಿದ್ದರು. ಹೀಗೆ ನಾನು ಕೊನೆಯ ಸಾಲಿನ ಗೋಡೆಬದಿ ಕುರ್ಚಿಯ ಖಾಯಂ ಗಿರಾಕಿಯಾದೆ. ಮುಂದಿನ ಸಾಲಿನಲ್ಲಿ ಪಿಂಚಣಿ ಮೇಷ್ಟ್ರುಗಳು, ನಡುವೆ ಕಾಲೇಜು ಹುಡುಗಿಯರು, ಬಾಗಿಲ ಬಳಿ ಉಪ್ಪಿಟ್ಟಿನ ಹೊತ್ತಿಗೆ ಸರಿಯಾಗಿ ಬರುವ ಇಬ್ಬರು ಕೊಬ್ಬರಿ ದಲ್ಲಾಳಿಗಳು. ರೈಲು ಬಂದರೆ ಭಾಷಣ ನಿಲ್ಲಬೇಕು. ಗೂಡ್ಸ್ ಆದರೆ ಭಾಷಣಕಾರರು ಒಂದು ಲೋಟ ನೀರು ಕುಡಿದು, ಕನ್ನಡಕ ಒರೆಸಿಕೊಂಡು, ಮತ್ತೆ ಎಲ್ಲಿದ್ದೆ ಎಂದು ನಮ್ಮನ್ನೇ ಕೇಳುತ್ತಿದ್ದರು.

ಮಂತ್ರಿ ಬರಲಿಲ್ಲ. ಬಂದವರು ಬೇಲೂರಿನ ಕಾಲೇಜು ಮೇಷ್ಟ್ರು. ತೆಳ್ಳಗೆ, ಹೆಗಲಿಗೆ ಬಟ್ಟೆಚೀಲ, ಮಾತು ಮೆಲ್ಲಗೆ. ಕೆರೆ ಯಾಕೆ ಒಣಗುತ್ತದೆ ಎಂಬುದಕ್ಕೆ ಮಳೆ ಕಡಿಮೆ ಎಂದು ಹೇಳಿ ಮುಗಿಸುವವರಲ್ಲ. ನೀರು ಬರುವ ಹಳ್ಳಕ್ಕೆ ಅಡ್ಡ ಕಟ್ಟಿದವರು ಯಾರು, ಗೋಮಾಳದಲ್ಲಿ ನೀಲಗಿರಿ ನೆಟ್ಟಿದ್ದು ಯಾರನ್ನು ಕೇಳಿ, ಒಬ್ಬನ ತೋಟಕ್ಕೆ ಮೂರು ಕೊಳವೆಬಾವಿ ಇದ್ದು ಪಕ್ಕದ ಕೇರಿಗೆ ಒಂದೂ ಯಾಕಿಲ್ಲ, ಇದನ್ನೆಲ್ಲ ಕೇಳುವುದೇ ಪರಿಸರ ರಾಜಕೀಯ ಅಂದರು. ಕಾಲೇಜು ಹುಡುಗಿಯರು ಬರೆದುಕೊಂಡರು. ನನಗೆ ಬರೆದುಕೊಳ್ಳಬೇಕು ಅನಿಸಲಿಲ್ಲ. ಕಣಕಟ್ಟೆ ಕಡೆಯ ನಮ್ಮೂರಲ್ಲಿ ಊರಬಾವಿಯಿಂದ ದೂರ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹಾಕಲಿ ಎಂದು ಕಾದು ನಿಂತವಳು ನಾನು. ಆದರೆ ಅದನ್ನು ಒಬ್ಬ ಓದಿದ ಮನುಷ್ಯ ಮೈಕಿನಲ್ಲಿ ಹೇಳಿದ್ದು ಅದೇ ಮೊದಲು. ತಾತ ಗೋಡೆಗೊರಗಿ ನಿಂತು ಕೇಳುತ್ತಿದ್ದರು. ಅವತ್ತು ಉಪ್ಪಿಟ್ಟು ತಣ್ಣಗಾದದ್ದೂ ಅವರಿಗೆ ಗೊತ್ತಾಗಲಿಲ್ಲ.

ಒಂದು ಸಲ ಉಪನ್ಯಾಸವನ್ನು ಹಳೇಬೀಡಿನ ಕೆರೆಯ ದಡದಲ್ಲಿ ಇಟ್ಟಿದ್ದರು. ಬಸ್ಸಿನಲ್ಲಿ ಹೋದೆವು. ದೇವಸ್ಥಾನಕ್ಕೆ ಬಂದ ಪ್ರವಾಸದವರು ನಮ್ಮನ್ನೂ ಒಂದು ಗಳಿಗೆ ನೋಡಿ ಹೋದರು. ರಾಜರು ಕಟ್ಟಿಸಿದ ಕೆರೆ ಎಂದು ಮೇಷ್ಟ್ರು ಹೇಳುವಾಗ ತಾತ ನನ್ನ ಕಿವಿಯ ಹತ್ತಿರ ಬಗ್ಗಿ, "ಮಣ್ಣು ಹೊತ್ತೋರು ನಮ್ಮೋರೇ ಇರಬೇಕು ಕಣೆ" ಅಂದರು. ಅವರನ್ನು ಆ ದಿನದಷ್ಟು ಸಂತೋಷವಾಗಿ ಆಮೇಲೆ ನಾನು ನೋಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲೇ ಮೇಷ್ಟ್ರನ್ನು ಕೇಳಿದರು: "ಸಾರ್, ನಮ್ಮೂರಿಗೂ ಒಂದ್ಸಲ ಬನ್ನಿ. ನಮ್ ಕೆರೇನ ಅರ್ಧ ತಿಂದವ್ರೆ."

ನಿಜವೇ. ನಮ್ಮೂರ ಕೆರೆಯ ಅಂಗಳಕ್ಕೆ ಮೇಲಿನ ಬೀದಿಯವರ ತೆಂಗಿನ ತೋಟಗಳು ಸಾಲುಸಾಲಾಗಿ ಇಳಿದು ಬಂದಿದ್ದವು. ಮುಂದಿನ ಬೇಸಿಗೆಯಲ್ಲಿ ಕೇಂದ್ರದವರು ನಮ್ಮೂರ ಶಾಲೆಯ ಮುಂದೆ ಶಾಮಿಯಾನ ಹಾಕಿಸಿದರು. ಅಲ್ಲಿ ಮಾತ್ರ ಕುರ್ಚಿ ಸಾಲದೆ ಹೋಯಿತು. ನಮ್ಮ ಕೇರಿಯವರನ್ನೆಲ್ಲ ತಾತ ಮನೆಮನೆಗೆ ಹೋಗಿ ಕರೆತಂದಿದ್ದರು. "ಕೆರೆಯ ಅಂಗಳದಲ್ಲಿ ಒಂದು ಗೇಣು ಜಾಗವೂ ಯಾರ ಸ್ವಂತವೂ ಅಲ್ಲ. ಒತ್ತುವರಿ ಪೂರ್ತಿ ತೆರವಾಗಬೇಕು. ಒಪ್ಪುವವರು ಕೈ ಎತ್ತಿ" ಎಂದು ಮೇಷ್ಟ್ರು ಹೇಳಿದಾಗ ಮೊದಲು ಎದ್ದ ಕೈ ತಾತನದು. ಆಮೇಲೆ ನಮ್ಮ ಇಡೀ ಕೇರಿ. ಹೆಂಗಸರ ಸಾಲಿನಲ್ಲಿ ನಾನೂ ಮೊಣಕೈ ಮಡಚಿಕೊಂಡೇ ಎತ್ತಿದೆ. ಮೇಲಿನ ಬೀದಿಯವರು ಕೈಕಟ್ಟಿ ಕೂತಿದ್ದರು. ತಲೆತಲಾಂತರದಿಂದ ಅವರು ಹೇಳಿದ್ದಕ್ಕೆ ನಾವು ಹೂಂ ಅಂದವರು, ಅವತ್ತು ಅವರೆದುರೇ ಕೈ ಎತ್ತಿದ್ದೆವು. ರಾತ್ರಿ ಕೇರಿಯಲ್ಲಿ ಹಬ್ಬದ ಹಾಗಿತ್ತು.

ಈಗ ಒಂದು ಮಾತು ಹೇಳಬೇಕು. ನಮ್ಮ ಕೇರಿಯ ಸತ್ತವರನ್ನು ಮಣ್ಣು ಮಾಡುತ್ತಿದ್ದದ್ದು ಆ ಕೆರೆಯ ಅಂಗಳದಲ್ಲೇ, ಹಿನ್ನೀರು ಮುಗಿಯುವ ಮೂಲೆಯಲ್ಲಿ. ಒಳ್ಳೆಯ ಜಾಗ ಯಾರು ಕೊಟ್ಟಾರು? ಕೆರೆ ತುಂಬಿದ ವರ್ಷ ಒದ್ದೆಯಾಗುವ, ಯಾರಿಗೂ ಬೇಡದ ಜಾಗವಾದ್ದರಿಂದ ಅದು ನಮ್ಮದಾಗಿತ್ತು. ತಾತನ ಅವ್ವ, ಅಂದರೆ ನಿಮ್ಮ ಮುತ್ತಜ್ಜಿ, ಅಲ್ಲೇ ಇದ್ದಳು. ತಲೆಯ ಕಡೆ ಒಂದು ಕಲ್ಲು, ಪಕ್ಕದಲ್ಲಿ ಒಂದು ಲಕ್ಕಿ ಗಿಡ. ಗೋಡೆಗೆ ಬುದ್ಧನ ಪಟ ಹಾಕಿದ ಮೇಲೆ ತಾತ ಎಡೆ ಇಡುವುದನ್ನು ಬಿಟ್ಟಿದ್ದರು, ಆದರೆ ಯುಗಾದಿಯ ಮಾರನೇ ದಿನ ಆ ಕಲ್ಲಿನ ಹತ್ತಿರ ಹೋಗಿ ಕೂತು ಬರುವುದನ್ನು ಬಿಟ್ಟಿರಲಿಲ್ಲ. ಕೈ ಎತ್ತುವಾಗ ಅದು ಯಾಕೆ ನೆನಪಾಗಲಿಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ಒತ್ತುವರಿ ಅಂದರೆ ತೋಟ ಇದ್ದವರು ಮಾಡುವುದು ಎಂದೇ ನಾವು ತಿಳಿದಿದ್ದೆವು.

ಕೈ ಎತ್ತಿದವರ ಅರ್ಜಿ ತಾಲ್ಲೂಕು ಆಫೀಸಿಗೆ ಹೋಗಿ ಸರ್ವೆಯವರು ಬಂದಾಗ ತಾತ ರಜೆ ಹಾಕಿ ಊರಿಗೆ ಹೋದರು, ಸರಪಳಿಯ ಒಂದು ತುದಿ ಹಿಡಿಯಲು. ನಾನೂ ಜೊತೆಗಿದ್ದೆ. ತೋಟಗಳನ್ನು ಅಳೆದು ಮುಗಿಸಿ ಸರಪಳಿ ಆ ಮೂಲೆಗೆ ಬಂತು. ಕೇರಿಯ ಹಿರಿಯ ದ್ಯಾವಣ್ಣ, ತಾತನಿಗೆ ದೊಡ್ಡಪ್ಪನಾಗಬೇಕು, ಕೋಲೂರಿಕೊಂಡು ನೋಡುತ್ತಿದ್ದವನು ಕೂಗಿದ:

"ಏನ್ಲಾ, ನಿಮ್ಮವ್ವನ್ ಎದೆ ಮ್ಯಾಲೇ ಸರಪಳಿ ಎಳೀತಿದ್ದೀಯಲ್ಲ!"

"ಅಳತೆ ಕಣ್ ದೊಡ್ಡಪ್ಪ. ಅಳೆದ್ರೆ ಏನಾಯ್ತದೆ?" ಎಂದು ತಾತ ನಕ್ಕರು.

"ಅವ್ಳು ಬದುಕಿದ್ದಿದ್ರೆ ಆ ಸರಪಳೀಲೇ ಬಾರಿಸಿರೋಳು" ಎಂದು ಅವನೂ ನಕ್ಕ. ಸರ್ವೆಯವರೂ ನಕ್ಕರು.

ತೋಟದವರು ಕೋರ್ಟಿಗೆ ಹೋಗಿ ತಡೆ ತಂದರು. ಅವರ ಹತ್ತಿರ ಕಾಗದ ಇತ್ತು, ವಕೀಲರಿದ್ದರು. ನಮ್ಮ ಮೂಲೆಗೆ ಎರಡೂ ಇರಲಿಲ್ಲ. ಆದೇಶ ಬಂದಿದೆ, ಕೆಲಸ ನಿಲ್ಲಿಸುವ ಹಾಗಿಲ್ಲ ಎಂದು ಜೆಸಿಬಿ ಬಂದು ತೆರವು ಮಾಡಿದ್ದು ನಮ್ಮ ಆ ಮೂಲೆಯೊಂದನ್ನೇ. ಸುದ್ದಿ ತಿಳಿದು ತಾತ ಅರಸೀಕೆರೆಯಿಂದ ಹೋಗುವಷ್ಟರಲ್ಲಿ ಹೂಳಿನ ಜೊತೆ ಎಲ್ಲ ಎದ್ದುಹೋಗಿತ್ತು. ಟ್ರ್ಯಾಕ್ಟರುಗಳಲ್ಲಿ ಆ ಮಣ್ಣು ಗೊಬ್ಬರವೆಂದು ತೋಟಗಳಿಗೆ ಹೋಗುತ್ತಿತ್ತಂತೆ. ತಾತ ಕೆಲವು ಟ್ರ್ಯಾಕ್ಟರುಗಳ ಹಿಂದೆ ನಡೆದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ, ದ್ಯಾವಣ್ಣ ಹೇಳಿದ.

ಆಮೇಲೆ ಆಫೀಸುಗಳಿಗೆ ಅಲೆದಾಟ. "ಸ್ಮಶಾನ ಅಂತ ಯಾವ ದಾಖಲೆಲಿದೆ, ತೋರ್ಸಿ" ಎಂಬುದೊಂದೇ ಉತ್ತರ. ಕಡೆಗೆ ಒಬ್ಬ ಅಧಿಕಾರಿ ಊರಾಚೆಯ ಕಲ್ಲುಗುಡ್ಡದ ಇಳಿಜಾರನ್ನು ಬೆರಳಿನಿಂದ ತೋರಿಸಿ, ಅಲ್ಲಿ ಮಾಡಿಕೊಳ್ಳಿ ಅಂದು ಜೀಪು ಹತ್ತಿದರು. ಅಲ್ಲಿ ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಕೇರಿಯವರು ಅತ್ತ ತಲೆ ಹಾಕಲಿಲ್ಲ. ಯಾರಾದರೂ ತೀರಿಕೊಂಡರೆ ನೆಂಟರ ಊರಿಗೆ ಒಯ್ದರು, ಇಲ್ಲವೇ ತಮ್ಮ ತುಂಡು ಹೊಲದ ಬದುವಿನಲ್ಲಿಟ್ಟರು. ತಾತನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರು ಬಂದರೆ ಜಗಲಿಯ ಮಾತು ನಿಲ್ಲುತ್ತಿತ್ತು, ಅಷ್ಟೆ.

ವಿಷಯ ತಿಳಿದು ಬೇಲೂರಿನ ಮೇಷ್ಟ್ರು ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಕೂತು ಬಹಳ ಹೊತ್ತು ಚೀಲದ ದಾರ ಸುತ್ತುತ್ತಾ ಬಿಚ್ಚುತ್ತಾ ಇದ್ದರು.

"ನನಗೆ ಗೊತ್ತಿರಲಿಲ್ಲ ಕಣ್ರೀ. ಒಂದು ಸಲ ಕೇಳಬೇಕಿತ್ತು ನಾನು."

"ನಿಮಗೆ ಗೊತ್ತಿರ್ಲಿಲ್ಲ ಸಾರ್" ಎಂದರು ತಾತ. "ನಂಗೆ ಗೊತ್ತಿತ್ತಲ್ಲ."

ನಾನಿಟ್ಟ ಕಾಫಿ ಹಾಗೇ ಕೆನೆಗಟ್ಟಿತು. ಉಪನ್ಯಾಸಗಳು ಆಮೇಲೂ ನಡೆದವು. ತಾತ ಪೋಸ್ಟರ್ ಅಂಟಿಸುತ್ತಿದ್ದರು, ಕುರ್ಚಿ ಹಾಕುತ್ತಿದ್ದರು, ಭಾಷಣ ಶುರುವಾದರೆ ಮೆಟ್ಟಿಲಿಳಿದು ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಿದ್ದರು. ನನ್ನನ್ನು ಬಾ ಎಂದು ಕರೆಯುವುದನ್ನೂ ಬಿಟ್ಟರು.

ಕೆಲವು ವರ್ಷಗಳ ಮೇಲೆ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಮೇಲೆ ಒಂದು ಮಧ್ಯಾಹ್ನ ನನಗೂ ನಿಮ್ಮ ಅಪ್ಪನಿಗೂ ಹೇಳಿದರು: "ನನ್ನ ಆ ಕಲ್ಲುಗುಡ್ಡದಲ್ಲೇ ಇಡಿ."

"ಅಲ್ಲಿ ಯಾರೂ ಇಲ್ಲ ಕಣಪ್ಪ, ಒಬ್ನೇ ಆಗ್ತೀಯ" ಎಂದು ನಿಮ್ಮ ಅಪ್ಪ ಅತ್ತ.

"ಒಬ್ರು ಹೋಗ್ಬೇಕಲ್ಲ ಮೊದ್ಲು. ಹೋದ್ರೆ ಮಿಕ್ಕೋರು ಬತ್ತಾರೆ. ನಾನೇ ಕಳೆದ ಜಾಗ, ನಾನೇ ಹೋಗಬೇಕು."

ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಅರ್ಧದಾರಿಯ ಹೊಂಗೆಮರದ ಹತ್ತಿರ ನಿಲ್ಲಬೇಕು. ಅಲ್ಲಿ ನಿಂತೇ ಹಾರೆಯ ಸದ್ದು ಕೇಳಿದೆ. ಬೆಳಗ್ಗೆ ಶುರುಮಾಡಿದವರು ಹೊತ್ತು ಇಳಿಯುವವರೆಗೆ ಒಡೆದರು. ನಡುವೆ ದ್ಯಾವಣ್ಣನ ದನಿ ಕೇಳಿಸಿತು: "ಬರೀ ಕುರ್ಚಿ ಹಾಕ್ದೋನು ಕಣ್ರಲಾ ಇವ್ನು, ನಮ್ ಕೈಲಿ ಬಂಡೆ ಒಡಿಸ್ತಾವ್ನೆ!" ಯಾರೋ ನಕ್ಕರು, ನಗು ಅಳುವಾಯಿತು. ಆ ಒಂದು ಮಾತಿಗೆ ಕೇರಿಯವರು ತಾತನನ್ನು ವಾಪಸ್ ತೆಗೆದುಕೊಂಡರು ಎಂದು ನನಗೆ ತಿಳಿಯಿತು. ತಾತನಿಗೆ ಅದು ತಿಳಿಯುವ ಹಾಗಿರಲಿಲ್ಲ. ಗುಂಡಿ ಸೊಂಟದ ಮಟ್ಟಕ್ಕಿಂತ ಆಳವಾಗಲಿಲ್ಲವಂತೆ, ಮೇಲೆ ಕಲ್ಲು ಪೇರಿಸಿದರು. ಮುಂದಿನ ವರ್ಷ ದ್ಯಾವಣ್ಣ ಹೋದ. ತಾನೇ ಕೇಳಿಕೊಂಡು ಪಕ್ಕದಲ್ಲಿ ಮಲಗಿದ. ಆಮೇಲೆ ಒಬ್ಬೊಬ್ಬರೇ ಬಂದರು.

ಅವತ್ತು ಹೂಳು ತೆಗೆದ ಆ ಕೆರೆ ಕಳೆದ ಮಳೆಗಾಲ ಕೋಡಿ ಬಿತ್ತು. ನಿಮ್ಮಪ್ಪನ ಜೊತೆ ಹೋಗಿ ಏರಿಯ ಮೇಲೆ ನಿಂತಿದ್ದೆ. ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ? ಕೇರಿಯ ಬೋರಿನಲ್ಲಿ ಈಗ ಬೇಸಿಗೆಯಲ್ಲೂ ನೀರು ಬರುತ್ತದೆ. ಮೇಷ್ಟ್ರು ಹೇಳಿದ್ದು ಸರಿಯಾಗಿಯೇ ಇತ್ತು. ಮುತ್ತಜ್ಜಿಯ ಮೂಲೆ ಎಲ್ಲಿತ್ತೆಂದು ಗುರುತು ಹಿಡಿಯಲು ಹೋದೆ. ಎಲ್ಲ ಕಡೆಯೂ ನೀರು ಒಂದೇ ಸಮ.

ಮಕ್ಕಳೇ, ನನ್ನನ್ನೂ ಆ ಗುಡ್ಡಕ್ಕೇ ಒಯ್ಯಬೇಕು. ಅರಸೀಕೆರೆಯಲ್ಲೇ ಅನುಕೂಲ ಎಂದು ನಿಮ್ಮಪ್ಪ ಅಂದರೆ ಇದನ್ನು ಓದಿ ಹೇಳಿ. ಬಾಯಿಬಿಟ್ಟು ಹೇಳಲು ನನಗೆ ಈಗಲೂ ಸಂಕೋಚ. ಇನ್ನೊಂದು: ಆ ಗುಡ್ಡದ ಇಳಿಜಾರೂ ಇವತ್ತಿಗೂ ಯಾವ ದಾಖಲೆಯಲ್ಲೂ ನಮ್ಮದೆಂದು ಬಂದಿಲ್ಲ, ಜೀಪಿನಿಂದ ಚಾಚಿದ ಬೆರಳು ಬಿಟ್ಟರೆ ಬೇರೇನೂ ಇಲ್ಲ. ಮುಂದೊಂದು ದಿನ ಯಾವುದೋ ಒಳ್ಳೆಯ ಕೆಲಸಕ್ಕೇ ಯಾರಾದರೂ ಅದನ್ನು ಅಳೆಯಲು ಬಂದಾರು. ಆಗ ಇಲ್ಲಿ ನಮ್ಮವರಿದ್ದಾರೆ ಎನ್ನಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು. ಅದಕ್ಕೇ, ಈ ಹಾಳೆಗಳನ್ನು ಕಳೆಯಬೇಡಿ.