ಶಾಂತವ್ವನ ನಾಡಿ

“ನಾಡಿ ಸಿಗುತ್ತಿಲ್ಲ” ಎಂದು ನನ್ನ ಮೊಬೈಲ್ ತೋರಿಸಿದಾಗ ಪಕ್ಕದ ಮನೆಯ ಶಾಂತವ್ವನ ಮುಖ ಬಿಳಿಚಿಕೊಂಡಿತು. ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಹೃದಯಬಡಿತ ಎಣಿಸುವ ಉಚಿತ ಆ್ಯಪನ್ನು ಆಗಷ್ಟೇ ಹಾಕಿಕೊಂಡಿದ್ದೆ. ನಿಪ್ಪಾಣಿಯ ನಮ್ಮ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ಪರೀಕ್ಷೆ ಮಾಡಿಸಿಕೊಂಡಿದ್ದರು. ಎಲ್ಲರ ನಾಡಿಯೂ ಸಿಕ್ಕಿತ್ತು. ಶಾಂತವ್ವ ಹತ್ತೂ ಬೆರಳು ಒತ್ತಿದರೂ ಅದೇ ಉತ್ತರ. ಸಿಟ್ಟಿಗೆದ್ದು ಚೀಲದಿಂದ ಕೆಂಪು ಟೊಮ್ಯಾಟೊ ತೆಗೆದು ಕ್ಯಾಮೆರಾಕ್ಕೆ ಹಿಡಿದಳು. ನಿಮಿಷಕ್ಕೆ ಎಪ್ಪತ್ತಾರು ಬಡಿತ, ಆರೋಗ್ಯ ಉತ್ತಮ!

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಕೆ ಮಾತ್ರ ನಗದೆ, “ಟೊಮ್ಯಾಟೊ ಜೀವಂತ ಐತಿ, ನಾ ಸತ್ತೇನೇನ್ರಿ ಅಕ್ಕಾರ?” ಎಂದಳು.

ನಾನು ಗಾಬರಿಯಿಂದ ಆಕೆಯ ಮಣಿಕಟ್ಟು ಹಿಡಿದೆ. ನಾಡಿ ಗಟ್ಟಿಯಾಗಿ ಬಡಿಯುತ್ತಿತ್ತು. ಆಮೇಲೆ ಬೆರಳುಗಳನ್ನು ನೋಡಿದೆ. ಮೂವತ್ತು ವರ್ಷ ಬೀಡಿ ಸುತ್ತಿ ಅವುಗಳ ತುದಿ ಎಷ್ಟು ದಪ್ಪಗಟ್ಟಿತ್ತೆಂದರೆ, ಮೊಬೈಲಿನ ಬೆಳಕು ಒಳಗಿಳಿಯಲು ಜಾಗವೇ ಇರಲಿಲ್ಲ.

“ಜೋರ್ ಬಡ್ಯಾಕತ್ತೈತಿ ಶಾಂತವ್ವ” ಎಂದೆ.

“ಹಂಗಾರ ನಾಳಿ ಬೀಡಿನೂ ನಾನ ಸುತ್ತಬೇಕು ಬಿಡ್ರಿ” ಎಂದು ಎದ್ದು ಹೋದಳು.

ಆ ಆ್ಯಪನ್ನು ಅಂದೇ ತೆಗೆದುಹಾಕಿದೆ. ಹನ್ನೊಂದು ವರ್ಷ ಗೋಡೆಗೆ ಗೋಡೆ ಹತ್ತಿಕೊಂಡು ಬದುಕಿದ್ದರೂ, ನಾನು ಆಕೆಯ ಕೈ ಹಿಡಿದದ್ದು ಅದೇ ಮೊದಲು.