ತುಂಬಿದ ಡಿಸ್ಕ್, ಕಾಣದ ಫೈಲು

ಕುಣಿಗಲ್ಲಿನ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟದ್ದೆಲ್ಲ ಸುಮನಾಳ ಪಾಲಿನದೇ. ಬಿ.ಎಸ್ಸಿ. ಮುಗಿಸಿ ಲ್ಯಾಬ್ ಕೆಲಸಕ್ಕೆ ಸೇರಿದವಳು, ಸರ್ವರ್ ನಡೆಸುವ ಲಿನಕ್ಸ್ ಕಲಿತದ್ದು ರಿಪೇರಿಯವರ ಬೆನ್ನ ಹಿಂದೆ ನಿಂತು. ದಿನಾ ಮರಳೂರಿನಿಂದ ಬಸ್ಸು. ಸಿಟ್ಟು ಬಂದರೆ ಅವಳ ದನಿ ಏರುವುದಿಲ್ಲ, ಇಳಿಯುತ್ತದೆ.

ದಸರೆಗೆ ನಿಟ್ಟೂರಿನ ತವರಿಗೆ ಹೋಗಿ ಬಂದ ಬೆಳಿಗ್ಗೆ, ಸ್ಕ್ಯಾನ್ ಚಿತ್ರಗಳನ್ನೆಲ್ಲ ಕೂಡಿಡುವ ಸರ್ವರ್ ಹೊಸ ಸ್ಕ್ಯಾನ್ ತೆಗೆದುಕೊಳ್ಳದೆ ಕೂತಿತ್ತು. ಡಿಸ್ಕಿನಲ್ಲಿ ಜಾಗವಿಲ್ಲವಂತೆ.

"ಹಳೇವು ಅಳಿಸಾಕಿ ಮೇಡಂ, ಯಾರ್ ಕೇಳ್ತಾರೆ ಅವನ್ನ," ಎಂದ ಮ್ಯಾನೇಜರ್ ರೇಣುಕಾಪ್ರಸಾದ್.

"ಹೊರಗೆ ಕೂತವ್ರಲ್ಲ ಭದ್ರಮ್ಮ, ಅವ್ರು ಕೇಳ್ತಾರೆ. ಗಡ್ಡೆ ಬೆಳೆದಿದ್ಯೋ ಇಲ್ವೋ ಅಂತ ಡಾಕ್ಟ್ರು ನೋಡೋದು ಹಳೇ ಸ್ಕ್ಯಾನ್ ಪಕ್ಕ ಇಟ್ಕೊಂಡೇ. ಬ್ಯಾಕಪ್ಪಿಗೆ ಹೋಗೋದು ಈ ವರ್ಷದ್ದು ಮಾತ್ರ."

"ಹಂಗಾದ್ರೆ ನೀವ್ ತುಂಬಿರೋದನ್ನ ತೆಗೀರಿ. ತಂಗಿ ಮದುವೆ ವಿಡಿಯೋ ಗಿಡಿಯೋ. ಮಧ್ಯಾಹ್ನದೊಳಗೆ ಜಾಗ ಆಗ್ಲಿಲ್ಲ ಅಂದ್ರೆ ನಾನೇ ಹಳೇವನ್ನ ಅಳಿಸ್ತೀನಿ."

ಸುಮನಾಳ ಕಿವಿ ಬಿಸಿಯಾಯಿತು. ಕೀಬೋರ್ಡ್ ಎಳೆದುಕೊಂಡಳು. ಡಿಸ್ಕಿನ ಒಟ್ಟು ಲೆಕ್ಕ ಹೇಳುವ ಡಿಎಫ್ ಆಜ್ಞೆ ಕೊಟ್ಟರೆ ಡಿಸ್ಕ್ ಭರ್ತಿ ಎಂದಿತು. ಡಿಯು ಎಂಬ ಇನ್ನೊಂದು ಆಜ್ಞೆಯಿಂದ ಒಂದೊಂದೇ ಫೋಲ್ಡರ್ ಅಳೆದು ಕೂಡಿಸಿದರೆ ಮುಕ್ಕಾಲೂ ಆಗಲಿಲ್ಲ. ಅಳಿಸಿದ ಮೇಲೂ ಯಾವುದಾದರೂ ಪ್ರೋಗ್ರಾಂ ಬಿಡದೆ ಹಿಡಿದುಕೊಂಡ ಫೈಲು ಇರಬಹುದೇ ಎಂದು ಹುಡುಕಿದಳು. ಅದೂ ಇಲ್ಲ. ಇರುವುದು ಕಾಣುತ್ತಿಲ್ಲ ಎಂದರೆ ಏನೋ ಅಡ್ಡ ನಿಂತಿರಬೇಕು. ದಿನಾ ರಾತ್ರಿ ನಕಲು ತೆಗೆದಿಡಲು ಸರ್ವರಿಗೆ ಸಿಕ್ಕಿಸಿದ್ದ ಬ್ಯಾಕಪ್ ಡಿಸ್ಕಿನ ಕಡೆ ತಿರುಗಿದಳು. ಅದರ ಮೇಲೆ ಕುಂಕುಮ, ಒಣಗಿದ ಸೇವಂತಿಗೆ ಎಸಳು.

"ಇದನ್ನ ಕಿತ್ತಿದ್ದು ಯಾರು?"

"ಆಯುಧಪೂಜೆಗೆ ನಾನೇ. ಎಮರ್ಜೆನ್ಸಿ ಬರುತ್ತೆ, ಸರ್ವರ್ ನಿಲ್ಸೋಕಾಗಲ್ಲ. ಇದೊಂದನ್ನಾದ್ರೂ ದೇವರ ಮುಂದೆ ಇಡೋಣ ಅಂತ. ಪೂಜೆಗಿಟ್ಟಿದ್ದನ್ನ ದಶಮಿ ಕಳೆಯೋಗಂಟ ಮುಟ್ಟಂಗಿಲ್ವಲ್ಲ. ಆಮೇಲೆ ಸಿಕ್ಸಿ ರೀಸ್ಟಾರ್ಟ್ ಮಾಡಿದೀನಿ, ಸರಿಯಾಗೇ."

"ಸರಿಯಾಗೇ," ಎಂದಳು ಸುಮನಾ, ಕೇಳಿಸಿಯೂ ಕೇಳಿಸದಷ್ಟು ಇಳಿದ ದನಿಯಲ್ಲಿ.

ಆ ಡಿಸ್ಕ್ ಬಂದು ಕೂರುವುದಕ್ಕೆಂದೇ ಸರ್ವರಿನಲ್ಲಿ ಒಂದು ಖಾಲಿ ಫೋಲ್ಡರ್ ಇದೆ. ಡಿಸ್ಕ್ ದೇವರ ಮುಂದಿದ್ದಾಗ ರಾತ್ರಿಯ ಬ್ಯಾಕಪ್ ಆ ಫೋಲ್ಡರಿಗೆ, ಎಂದರೆ ಸರ್ವರಿನ ಸ್ವಂತ ಹೊಟ್ಟೆಗೇ, ಸುರಿದಿತ್ತು. ಡಿಸ್ಕ್ ಮತ್ತೆ ಬಂದು ಕೂತದ್ದೇ ಸುರಿದದ್ದೆಲ್ಲ ಮರೆಯಾಯಿತು, ಗೋಡೆಯ ಗೂಡಿಗೆ ಅಡ್ಡ ಬೀರು ನಿಲ್ಲಿಸಿದ ಹಾಗೆ.

ಅವಳು ಡಿಸ್ಕನ್ನು ಕಳಚಿದಳು. ಫೋಲ್ಡರಿನ ತುಂಬ ಕಂತೆ ಕಂತೆ ನಕಲು. ಪ್ರತಿಯೊಂದರ ಮೂಲವೂ ಸರ್ವರಿನಲ್ಲಿದೆ ಎಂದು ತಾಳೆ ನೋಡಿದ ಮೇಲೆಯೇ ಅಳಿಸಿದಳು. ಜಾಗ ತೆರವಾಯಿತು.

"ಪೂಜೆ ಮಾಡಿದ್ದೇ ತಪ್ಪಾ ಈಗ?" ಎಂದ ರೇಣುಕಾಪ್ರಸಾದ್, ಆದದ್ದನ್ನು ಅವಳ ಬಾಯಿಂದ ಕೇಳಿ.

"ಪೂಜೆ ತಪ್ಪಲ್ಲ ರೇಣುಕಣ್ಣ. ಕೇಳ್ದೆ ಕಿತ್ತಿದ್ದು ತಪ್ಪು. ನೋಡ್ದೆ ನನ್ ತಲೆಗೆ ಕಟ್ಟಿದ್ರಲ್ಲ, ಅದು ಇನ್ನೂ ತಪ್ಪು. ಮುಂದಿನ್ ವರ್ಷ ಇದ್ದ ಕಡೆನೇ ಕುಂಕುಮ ಇಡಿ. ಹೂವ ನಾನೇ ತಂದ್ಕೊಡ್ತೀನಿ."

"ಕಾಫಿ ಹೇಳ್ಲಾ?"

"ಬ್ಯಾಡ. ಭದ್ರಮ್ಮನ್ನ ಕರೀರಿ."

ಡಿಸ್ಕ್ ಇಲ್ಲದಿದ್ದರೆ ಬ್ಯಾಕಪ್ ಓಡಲೇಬಾರದೆಂದು ಒಂದು ಸಾಲು ಬರೆದು ಸೇರಿಸುವಾಗಲೂ ಅವಳ ಬೆರಳುಗಳು ಕೀಲಿಗಳನ್ನು ಕುಟ್ಟುತ್ತಿದ್ದವು. ಭದ್ರಮ್ಮ ಸೆರಗು ಹೊದ್ದುಕೊಂಡು ಬಾಗಿಲಲ್ಲೇ ನಿಂತರು.

"ಸಿಕ್ತೇನವ್ವ ನನ್ ಹಳೇ ಸ್ಕ್ಯಾನು?"

"ಎಲ್ಲೂ ಹೋಗಿಲ್ಲ ಕಣಮ್ಮ," ಎಂದಳು ಸುಮನಾ, ಕುರ್ಚಿ ಎಳೆದುಕೊಟ್ಟು.